ದಾವಣಗೆರೆಯ ಒಂದು ಆಟೋ ಎಲೆಕ್ಟ್ರಿಕ್ ಅಂಗಡಿ ಮತ್ತು ನಮ್ಮ ಟ್ರೈಲರಿನ ಹಿಂದಿನ ದೀಪಗಳು

ದಾವಣಗೆರೆಯ ಪಿ.ಬಿ. ರಸ್ತೆಗೆ ಬಂದು ಸೇರುವ ಒಂದು ಅಡ್ಡರಸ್ತೆಯಲ್ಲಿ, ಪಂಕ್ಚರ್ ಅಂಗಡಿಗೂ ವೆಲ್ಡಿಂಗ್ ಶೆಡ್ಡಿಗೂ ನಡುವೆ, ಹತ್ತು ಹನ್ನೆರಡು ಅಡಿ ಅಗಲದ ಒಂದು ಆಟೋ ಎಲೆಕ್ಟ್ರಿಕ್ ಅಂಗಡಿ ಇದೆ. ಹೋದ ವರ್ಷ ನವೆಂಬರಿನಲ್ಲಿ ನಮ್ಮ ಟ್ರ್ಯಾಕ್ಟರ್ ಟ್ರೈಲರಿನ ದೀಪಗಳ ವೈರಿಂಗನ್ನು ಅಲ್ಲಿ ಸರಿಪಡಿಸಿಕೊಂಡೆವು. ಕೆಲಸ ಮುಗಿದ ದಿನವೇ ಹೊಗಳಿ ಬರೆದುಬಿಡುವುದು ಸರಿಯಲ್ಲವೆಂದು ಒಂದು ಮುಂಗಾರು ಕಳೆಯುವವರೆಗೆ ಕಾದೆ. ಮಳೆ, ಕೆಸರು, ಗೊಬ್ಬರ ಸಾಗಣೆ, ಮೆಕ್ಕೆಜೋಳದ ಲೋಡು ಇವೆಲ್ಲವನ್ನೂ ದಾಟಿ ದೀಪಗಳು ಇಂದಿಗೂ ಸರಿಯಾಗಿ ಉರಿಯುತ್ತಿರುವುದರಿಂದ ಈಗ ಬರೆಯುತ್ತಿದ್ದೇನೆ. ಅಂಗಡಿಯವರ ಹೆಸರನ್ನಾಗಲಿ ಫೋನ್ ನಂಬರನ್ನಾಗಲಿ ಹಾಕಿಲ್ಲ, ಏಕೆಂದರೆ ಅವರೇ ಬೇಡವೆಂದರು. ಹಂಗಾಮಿನಲ್ಲಿ ಬಾಗಿಲಿಗೆ ಬಂದ ಗಾಡಿಗಳನ್ನೇ ಮುಗಿಸಲು ಆಗುವುದಿಲ್ಲ, ಫೋನು ಎತ್ತುತ್ತ ಕೂತರೆ ಕೈಯಲ್ಲಿರುವ ಕೆಲಸ ಕೆಡುತ್ತದೆ ಎಂಬುದು ಅವರ ಮಾತು.

ಮೊದಲು ನಮ್ಮ ತೊಂದರೆ ಏನಿತ್ತೆಂದು ಹೇಳಬೇಕು. ಮೆಕ್ಕೆಜೋಳವನ್ನು ಎ.ಪಿ.ಎಂ.ಸಿ.ಗೆ ಹಾಕಿ ಸಂಜೆ ಖಾಲಿ ಟ್ರೈಲರಿನೊಂದಿಗೆ ಊರಿಗೆ ಹಿಂತಿರುಗುವಾಗ ತಮ್ಮನ ಮಗ ಟ್ರ್ಯಾಕ್ಟರ್ ಓಡಿಸುತ್ತಿದ್ದ, ನಾನು ಬೈಕಿನಲ್ಲಿ ಹಿಂದೆ ಬರುತ್ತಿದ್ದೆ. ಹೆದ್ದಾರಿಯ ಪಕ್ಕದ ಸರ್ವೀಸ್ ರಸ್ತೆಗೆ ಇಳಿಯುವ ಮುನ್ನ ಅವನು ಬ್ರೇಕ್ ಹಿಡಿದ. ಹಿಡಿದ ಕ್ಷಣಕ್ಕೆ ಟ್ರೈಲರಿನ ಹಿಂದೆ ಮಂಕಾಗಿ ಉರಿಯುತ್ತಿದ್ದ ಎರಡು ಕೆಂಪು ದೀಪಗಳೂ ಆರಿಹೋದವು. ಇನ್ನಷ್ಟು ಕೆಂಪಗೆ ಉರಿಯಬೇಕಾದ ಹೊತ್ತಿನಲ್ಲಿ ಇಡೀ ಟ್ರೈಲರು ಕತ್ತಲೆಯಾಯಿತು. ನನ್ನ ಬಲಕ್ಕೆ ಬರುತ್ತಿದ್ದ ಲಾರಿಯ ಚಾಲಕರು ಟೈರು ಉಜ್ಜುವಂತೆ ಬ್ರೇಕ್ ಹಾಕಿ, ಕಿಟಕಿಯಿಂದ ತಲೆ ಹೊರಹಾಕಿ ಬೈದು ಹೋದರು. ಅವರು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ಮನೆಗೆ ಬಂದು ನೋಡಿದಾಗ ಇನ್ನೊಂದು ವಿಚಿತ್ರ ಕಂಡಿತು. ಬಲಗಡೆಯ ಇಂಡಿಕೇಟರ್ ಹಾಕಿದರೆ ಎಡಗಡೆಯ ಕೆಂಪು ದೀಪವೂ ಅದೇ ತಾಳಕ್ಕೆ ಮಿಣುಕುತ್ತಿತ್ತು.

ಈ ಅಂಗಡಿಗೆ ಹೋಗುವ ಮೊದಲು ಇದೇ ತೊಂದರೆಯನ್ನು ಬೇರೊಂದು ಕಡೆ ತೋರಿಸಿದ್ದೆವು. ಅದು ಯಾವ ಊರು, ಯಾರ ಅಂಗಡಿ ಎಂಬುದನ್ನು ಹೇಳುವ ಅಗತ್ಯವಿಲ್ಲ. ಅಲ್ಲಿ ಹಿಂದಿನ ಎಲ್ಲ ಬಲ್ಬುಗಳನ್ನು ಬದಲಿಸಿದರು, ಇಂಡಿಕೇಟರನ್ನು ಮಿಣುಕಿಸುವ ಫ್ಲಾಷರ್ ಬದಲಿಸಿದರು, ಹಳೆಯ ವೈರಿನ ಮೇಲೆಯೇ ಇನ್ನೊಂದು ಹೊಸ ವೈರನ್ನು ಎಳೆದು ಟೇಪ್ ಸುತ್ತಿದರು. ಸಾವಿರದ ಎಂಟುನೂರು ರೂಪಾಯಿ ಕೊಟ್ಟೆವು. ಅಂಗಡಿಯ ಮುಂದೆ ನಿಂತಾಗ ಎಲ್ಲವೂ ಉರಿದವು, ಮೂರನೆಯ ದಿನಕ್ಕೆ ಮತ್ತೆ ಮೊದಲಿನಂತೆಯೇ ಆಯಿತು. ಅದಕ್ಕಿಂತ ಕೆಟ್ಟ ಸಂಗತಿ ಆಮೇಲೆ ಗೊತ್ತಾಯಿತು. ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ತಂತಿಯ ಒಂದು ಎಳೆಯನ್ನು ಸುತ್ತಿ ಕಳಿಸಿದ್ದರು. ಫ್ಯೂಸ್ ಇರುವುದೇ ವೈರು ಸುಡುವ ಮೊದಲು ತಾನು ಸುಡಲಿಕ್ಕೆ. ಅದರ ಬದಲು ತಂತಿ ಸುತ್ತಿದರೆ, ಎಲ್ಲಾದರೂ ಶಾರ್ಟ್ ಆದಾಗ ವೈರು ಕಾದು, ಅದರ ಮೇಲಿನ ಪ್ಲಾಸ್ಟಿಕ್ ಕರಗಿ, ಡ್ಯಾಶ್‌ಬೋರ್ಡಿನ ಒಳಗೇ ಬೆಂಕಿ ಹತ್ತಬಹುದು. ಮೆಕ್ಕೆಜೋಳದ ಸಪ್ಪೆ, ಎಂದರೆ ಒಣ ದಂಟು, ಹೇರಿಕೊಂಡು ಹೋಗುವ ಗಾಡಿಯಲ್ಲಿ ಅದು ಎಂಥ ಅಪಾಯವೆಂದು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ದಾವಣಗೆರೆಯ ಈ ಅಂಗಡಿಗೆ ಹೋದದ್ದು ನಮ್ಮೂರಿನ ಒಬ್ಬ ಲಾರಿ ಚಾಲಕರು ಹೇಳಿದ್ದರಿಂದ. ಬೆಳಿಗ್ಗೆ ಹತ್ತೂವರೆಗೆ ಮುಟ್ಟಿದೆವು. ಐವತ್ತು ದಾಟಿರಬಹುದಾದ ಅಂಗಡಿಯವರು ಕೈಯಲ್ಲಿ ಯಾವ ಸಾಮಾನನ್ನೂ ಹಿಡಿಯದೆ ಹೊರಗೆ ಬಂದು, ಟ್ರೈಲರಿನ ಸುತ್ತ ಒಂದು ಸುತ್ತು ಹಾಕಿ, ಒಂದೇ ಪ್ರಶ್ನೆ ಕೇಳಿದರು.

“ಯಜಮಾನ್ರೆ, ಟ್ರೈಲರ್ ಖಾಲಿ ಇದ್ದಾಗ ಜಾಸ್ತಿ ತೊಂದ್ರೆನೋ, ಲೋಡ್ ಇದ್ದಾಗ್ಲೋ?”

ಆವರೆಗೆ ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ತಮ್ಮನ ಮಗ ಸ್ವಲ್ಪ ಹೊತ್ತು ನೆನಪಿಸಿಕೊಂಡು, “ಖಾಲಿ ಇದ್ದಾಗ್ಲೇ ಅಲ್ವಾ ದೊಡ್ಡಪ್ಪ, ಲೋಡ್ ಹಾಕ್ಕೊಂಡು ಹೋಗುವಾಗ ಚೆನ್ನಾಗೇ ಉರೀತಿದ್ವು” ಎಂದ. ಅಂಗಡಿಯವರು ತಲೆಯಾಡಿಸಿ, “ಹಂಗಾದ್ರೆ ಬಲ್ಬಿಗೆ ಕೈ ಹಾಕೋದು ಬೇಡ, ಅರ್ಥಿಂಗ್ ಹೋಗಿದೆ” ಎಂದರು. ಅರ್ಥಿಂಗ್ ಅಥವಾ ಅರ್ಥ್ ಎಂದರೆ ಕರೆಂಟು ದೀಪದಿಂದ ಬ್ಯಾಟರಿಯ ಮೈನಸ್ಸಿಗೆ ಹಿಂತಿರುಗುವ ದಾರಿ. ಗಾಡಿಯನ್ನು ಮುಟ್ಟುವ ಮೊದಲೇ ಅವರು ಹೇಳಿದ ಈ ಮಾತು ಮಧ್ಯಾಹ್ನದ ಹೊತ್ತಿಗೆ ಅಕ್ಷರಶಃ ನಿಜವಾಯಿತು. ಹಾಗೆಂದು ಊಹೆಯ ಮೇಲೆ ಅವರು ಕೆಲಸಕ್ಕೆ ಇಳಿಯಲಿಲ್ಲ. ಪ್ರತಿಯೊಂದನ್ನೂ ಪರೀಕ್ಷಿಸಿ, ನಮಗೂ ತೋರಿಸಿ, ಆಮೇಲೆಯೇ ಸ್ಕ್ರೂ ಬಿಚ್ಚಿದರು. ಈ ಅಂಗಡಿಯ ಬಗ್ಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ದೋಷ ಎಲ್ಲಿದೆಯೆಂದು ಕಣ್ಣಾರೆ ಕಂಡು ಖಚಿತವಾಗುವವರೆಗೆ ಅವರು ಒಂದು ರೂಪಾಯಿಯ ಸಾಮಾನನ್ನೂ ಬದಲಿಸುವುದಿಲ್ಲ.

ಅವರು ಮೊದಲು ಮಾಡಿದ್ದು ಟ್ರೈಲರಿನ ಪ್ಲಗ್ಗನ್ನು ಕಳಚಿ ಬದಿಗಿಟ್ಟು, ಟ್ರ್ಯಾಕ್ಟರಿನದೇ ದೀಪಗಳನ್ನು ಒಂದೊಂದಾಗಿ ಹಾಕಿಸಿ ನೋಡಿದ್ದು. ಟ್ರ್ಯಾಕ್ಟರಿನ ದೀಪಗಳೇ ಸರಿಯಿಲ್ಲದಿದ್ದರೆ ಟ್ರೈಲರಿನಲ್ಲಿ ಹುಡುಕುವುದು ವ್ಯರ್ಥ. ಅವೆಲ್ಲ ಸರಿಯಾಗಿದ್ದವು. ಎರಡನೆಯದಾಗಿ ಟ್ರ್ಯಾಕ್ಟರಿನ ಹಿಂದಿರುವ ಸಾಕೆಟ್ಟಿಗೆ ಬಂದರು. ಅವರ ಕೈಯಲ್ಲಿ ಇದ್ದದ್ದು ಒಂದು ಹೋಲ್ಡರಿಗೆ 21 ವ್ಯಾಟಿನ ಬಲ್ಬು ಹಾಕಿ, ಎರಡು ವೈರು ಜೋಡಿಸಿ, ತುದಿಗೆ ಕ್ಲಿಪ್ಪು ಮತ್ತು ಸೂಜಿ ಕಟ್ಟಿಕೊಂಡ ಟೆಸ್ಟ್ ಲ್ಯಾಂಪು. ಕ್ಲಿಪ್ಪನ್ನು ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಸೂಜಿಯನ್ನು ಸಾಕೆಟ್ಟಿನ ಒಂದೊಂದೇ ಪಿನ್ನಿಗೆ ಮುಟ್ಟಿಸಿದಾಗ, ಒಳಗೆ ಕೂತವನು ಯಾವ ಸ್ವಿಚ್ಚು ಹಾಕುತ್ತಾನೋ ಅದಕ್ಕೆ ತಕ್ಕಂತೆ ಬಲ್ಬು ಝಗ್ಗೆಂದು ಉರಿಯಿತು. ಪ್ಲಸ್ಸು ಅಲ್ಲಿಯವರೆಗೆ ಚೆನ್ನಾಗಿಯೇ ಬರುತ್ತಿದೆ ಎಂದಾಯಿತು. ಆಮೇಲೆ ಟ್ರೈಲರಿನ ಪ್ಲಗ್ಗನ್ನು ಮತ್ತೆ ಹಾಕಿ, ಕ್ಲಿಪ್ಪನ್ನು ಟ್ರೈಲರಿನ ಚಾಸಿಯಲ್ಲಿ ಕೆರೆದು ಹೊಳೆಯಿಸಿದ ಜಾಗಕ್ಕೆ ಕಚ್ಚಿಸಿ, ಸೂಜಿಯನ್ನು ಬ್ಯಾಟರಿಯ ಪ್ಲಸ್ಸಿಗೆ ಮುಟ್ಟಿಸಿದರು. ಈ ಸಲ ಬಲ್ಬಿನ ತಂತಿ ಕೆಂಡದ ಹಾಗೆ ಸ್ವಲ್ಪ ಕೆಂಪಗಾಯಿತೇ ಹೊರತು ಬೆಳಕಾಗಲಿಲ್ಲ. ಹೋಗುವ ದಾರಿ ಸರಿಯಿದೆ, ಹಿಂತಿರುಗುವ ದಾರಿ ಮುಚ್ಚಿದೆ ಎಂಬುದು ಆಗ ನನಗೂ ಅರ್ಥವಾಯಿತು.

ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಒಂದಿದೆ. ನಾನೂ ಮನೆಯಲ್ಲಿ ಒಂದು ಮಲ್ಟಿಮೀಟರ್ ಇಟ್ಟುಕೊಂಡಿದ್ದೇನೆ. ಹಿಂದಿನ ವಾರ ಟ್ರೈಲರಿನ ಬಲ್ಬು ತೆಗೆದು ಹೋಲ್ಡರಿನಲ್ಲಿ ಮೀಟರ್ ಇಟ್ಟು ನೋಡಿದಾಗ ಪೂರ್ತಿ 12 ವೋಲ್ಟ್ ತೋರಿಸಿತ್ತು. ಕರೆಂಟು ಬರುತ್ತಿದೆ, ಹಾಗಾದರೆ ಬಲ್ಬೇ ಸರಿಯಿಲ್ಲ ಎಂದು ತೀರ್ಮಾನಿಸಿ ಎರಡು ಹೊಸ ಬಲ್ಬು ತಂದು ಹಾಕಿದ್ದೆ. ಅದನ್ನು ಅವರಿಗೆ ಹೇಳಿದಾಗ ಮೀಟರಿನ ತಪ್ಪಲ್ಲ, ಕೇಳಿದ ಪ್ರಶ್ನೆಯ ತಪ್ಪು ಎಂದು ವಿವರಿಸಿದರು. ಬೋರ್‌ವೆಲ್ಲಿನ ಪೈಪಿನಲ್ಲಿ ಕಸ ಕಟ್ಟಿಕೊಂಡು ಕಿರುಬೆರಳಿನಷ್ಟು ತೂತು ಉಳಿದಿದ್ದರೂ, ತುದಿಯ ವಾಲ್ವು ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ. ವಾಲ್ವು ತೆರೆದು ನೀರು ಹರಿಯಲು ಬಿಟ್ಟಾಗಲೇ ಒತ್ತಡ ಬಿದ್ದುಹೋಗುವುದು ಕಾಣುತ್ತದೆ. ಮೀಟರು ತನ್ನೊಳಗೆ ಹರಿಸಿಕೊಳ್ಳುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಆದ್ದರಿಂದ ಒಂದೇ ಎಳೆಯಲ್ಲಿ ಜೋತುಬಿದ್ದಿರುವ ವೈರಿನಲ್ಲೂ ಅದು 12 ತೋರಿಸುತ್ತದೆ. 21 ವ್ಯಾಟಿನ ಬಲ್ಬಾದರೆ ಒಂದೂಮುಕ್ಕಾಲು ಆಂಪಿಯರ್ ಬೇಡುತ್ತದೆ, ಆ ವೈರಿಗೆ ಅಷ್ಟನ್ನು ಸಾಗಿಸುವ ಶಕ್ತಿ ಇಲ್ಲದ್ದು ಕೂಡಲೇ ಬಯಲಾಗುತ್ತದೆ. ದೀಪಗಳನ್ನು ಉರಿಸಿಕೊಂಡೇ ಮೀಟರಿನಲ್ಲಿ ಅಳೆಯಬೇಕು ಎಂದು ಹೇಳಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಟ್ರೈಲರಿನ ಚಾಸಿಯ ಅದೇ ಕೆರೆದ ಜಾಗಕ್ಕೂ ಇಟ್ಟು ತೋರಿಸಿದರು. ಎರಡೂ ಒಂದೇ ಅರ್ಥ್ ಆಗಿರಬೇಕಾದ್ದರಿಂದ ಅಲ್ಲಿ ಸೊನ್ನೆಯ ಹತ್ತಿರ ಬರಬೇಕಿತ್ತು. 7 ವೋಲ್ಟಿಗೂ ಹೆಚ್ಚು ಬಂತು. ಎಂದರೆ ಬಲ್ಬಿಗೆ ಸಿಗಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಆ ಕೆಟ್ಟ ಜೋಡಣೆಯಲ್ಲಿಯೇ ಸೋರಿಹೋಗುತ್ತಿತ್ತು.

ಕೊನೆಯ ಪರೀಕ್ಷೆ ಅತ್ಯಂತ ಸರಳವಾಗಿತ್ತು. ಒಂದು ದಪ್ಪನೆಯ ವೈರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದು ತುದಿಯನ್ನು ಟ್ರೈಲರಿನ ಚಾಸಿಗೂ ಕಚ್ಚಿಸಿದರು, ಅಷ್ಟೆ. ಪಾರ್ಕಿಂಗ್ (ರಾತ್ರಿ ಹಿಂದೆ ಸದಾ ಉರಿಯುವ ಸಣ್ಣ ಕೆಂಪು ದೀಪ), ಬ್ರೇಕ್, ಎಡ ಬಲ ಇಂಡಿಕೇಟರ್ ಎಲ್ಲವೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿ ಮಾಡತೊಡಗಿದವು. ವೈರು ತೆಗೆದರೆ ಮತ್ತೆ ಅದೇ ಮಿಣುಕಾಟ. ಯಾರ ಮನೆಯಲ್ಲಿ ಟ್ರೈಲರಿನ ದೀಪಗಳು ಹೀಗೆ ಹುಚ್ಚುಹುಚ್ಚಾಗಿ ಉರಿಯುತ್ತವೆಯೋ ಅವರು ಏನನ್ನಾದರೂ ಕೊಳ್ಳುವ ಮೊದಲು ಈ ಒಂದು ಪರೀಕ್ಷೆ ಮಾಡಿನೋಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಕ್ಲಿಪ್ಪನ್ನು ಪ್ಲಸ್ಸಿಗೆ ಹಾಕದಂತೆ ಎಚ್ಚರ ವಹಿಸಿದರೆ ಸಾಕು.

ದೀಪಗಳು ಹಾಗೇಕೆ ವರ್ತಿಸುತ್ತಿದ್ದವು ಎಂಬುದನ್ನು ಅವರು ಒಂದು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸಿದರು. ಟ್ರೈಲರಿನ ಎಲ್ಲ ಬಲ್ಬುಗಳ ಮೈನಸ್ಸೂ ಒಂದೇ ಕಡೆ ಕೂಡುತ್ತದೆ. ಅಲ್ಲಿಂದ ಬ್ಯಾಟರಿಗೆ ಹಿಂತಿರುಗುವ ದಾರಿ ಕಡಿದುಹೋದಾಗ ಕರೆಂಟು ಸುಮ್ಮನೆ ನಿಲ್ಲುವುದಿಲ್ಲ, ಬೇರೆ ದಾರಿ ಹುಡುಕುತ್ತದೆ. ಪಾರ್ಕಿಂಗ್ ದೀಪದ ಮೂಲಕ ಬಂದ ಕರೆಂಟು, ಬ್ರೇಕ್ ದೀಪದ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಬ್ರೇಕಿನ ವೈರಿನಲ್ಲಿ ಟ್ರ್ಯಾಕ್ಟರಿನವರೆಗೆ ವಾಪಸ್ಸು ಹೋಗಿ, ಟ್ರ್ಯಾಕ್ಟರಿನ ಬ್ರೇಕ್ ದೀಪದ ಮೂಲಕ ಅದರ ಬಾಡಿ ಸೇರುತ್ತದೆ. ಇಷ್ಟು ಸುತ್ತಿ ಬರುವುದರಿಂದಲೇ ಪಾರ್ಕಿಂಗ್ ದೀಪ ಮಂಕಾಗಿ ಉರಿಯುವುದು. ಈಗ ಚಾಲಕ ಬ್ರೇಕ್ ಒತ್ತಿದನೆಂದುಕೊಳ್ಳಿ. ಆ ಬ್ರೇಕಿನ ವೈರಿಗೂ 12 ವೋಲ್ಟ್ ಬಂದುಬಿಡುತ್ತದೆ, ಎರಡೂ ಕಡೆ ಸಮ ಒತ್ತಡವಾಗಿ ಹರಿವು ನಿಂತುಹೋಗುತ್ತದೆ, ದೀಪ ಆರುತ್ತದೆ. ಆ ಸಂಜೆ ನಾನು ಕಂಡದ್ದು ಇದನ್ನೇ. ಬಲ ಇಂಡಿಕೇಟರಿನ ಜೊತೆಗೆ ಎಡಗಡೆಯ ಕೆಂಪು ದೀಪ ಮಿಣುಕುತ್ತಿದ್ದದ್ದೂ ಹೀಗೆಯೇ ಕಳ್ಳದಾರಿ ಹಿಡಿದ ಕರೆಂಟಿನಿಂದ.

ಲೋಡು ಇದ್ದಾಗ ಸರಿಯಾಗಿ ಉರಿಯುತ್ತಿದ್ದುದಕ್ಕೂ ಕಾರಣವಿತ್ತು. ತುಂಬಿದ ಟ್ರೈಲರಿನ ಭಾರ ಟ್ರ್ಯಾಕ್ಟರಿನ ಹುಕ್ಕಿನ ಮೇಲೆ ಬಿದ್ದು, ಕಬ್ಬಿಣಕ್ಕೆ ಕಬ್ಬಿಣ ಒತ್ತಿಕೊಂಡು, ಹುಕ್ಕಿನ ಪಿನ್ನಿನ ಮೂಲಕವೇ ಒಂದಿಷ್ಟು ಅರ್ಥ್ ಸಿಗುತ್ತಿತ್ತು. ಖಾಲಿಯಾದಾಗ ಹುಕ್ಕು ಕುಣಿಯುತ್ತದೆ, ನಡುವೆ ಗ್ರೀಸೂ ತುಕ್ಕೂ ಸೇರಿಕೊಂಡಿರುತ್ತದೆ, ಸಂಪರ್ಕ ಬಿಟ್ಟು ಬಿಟ್ಟು ಬರುತ್ತದೆ. ನಮ್ಮ ಕಡೆಯ ಎಷ್ಟೋ ಟ್ರೈಲರುಗಳಲ್ಲಿ ಅರ್ಥಿಗೆಂದು ವೈರನ್ನೇ ಎಳೆಯದೆ ಹುಕ್ಕಿನ ಪಿನ್ನನ್ನೇ ನಂಬಿ ಬಿಟ್ಟಿರುವುದನ್ನು ನಾನು ಅಲ್ಲಿಂದ ಬಂದ ಮೇಲೆ ಗಮನಿಸಿ ನೋಡಿದ್ದೇನೆ.

ನಮ್ಮ ಟ್ರೈಲರಿಗೆ ಅರ್ಥ್ ವೈರು ಇತ್ತು, ಆದರೆ ಎರಡು ಕಡೆ ಕೆಟ್ಟಿತ್ತು. ಪ್ಲಗ್ಗನ್ನು ಬಿಚ್ಚಿದಾಗ ಅರ್ಥಿನ ಬಿಳಿಯ ವೈರಿನ ಸ್ಕ್ರೂ ಹಸಿರು ಕಿಲುಬು ಹಿಡಿದು ಗಟ್ಟಿಯಾಗಿತ್ತು. ವೈರಿನ ಸಿಪ್ಪೆಯನ್ನು ಒಂದು ಇಂಚು ಸುಲಿದರೂ ಒಳಗಿನ ತಾಮ್ರ ಹೊಳೆಯಲಿಲ್ಲ, ಇನ್ನೊಂದು ಇಂಚು ಸುಲಿದರೂ ಕಪ್ಪಾಗಿಯೇ ಇತ್ತು, ಉಗುರಿನಲ್ಲಿ ಒತ್ತಿದರೆ ಎಳೆಗಳು ಪುಡಿಯಾಗಿ ಉದುರಿದವು. ಮಳೆನೀರು ಪ್ಲಗ್ಗಿನೊಳಗೆ ಇಳಿದು, ವೈರಿನ ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರುವಂತೆ ಏರಿ, ಒಳಗೊಳಗೇ ತಿಂದುಹಾಕಿತ್ತು. ಇನ್ನೊಂದು ತುದಿ ಚಾಸಿಗೆ ಬೋಲ್ಟ್ ಹಾಕಿದ ಜಾಗ. ಆಯುಧಪೂಜೆಗೆ ಮೊದಲು ಟ್ರೈಲರಿಗೆ ಹೊಸ ಬಣ್ಣ ಹೊಡೆಸಿದ್ದೆವು. ಬಣ್ಣ ಹೊಡೆಯುವವರು ಆ ಬೋಲ್ಟನ್ನು ಬಿಚ್ಚಿ, ಚೆನ್ನಾಗಿ ಬಣ್ಣ ಬಳಿದು, ಒಣಗಿದ ಬಣ್ಣದ ಮೇಲೆಯೇ ವೈರಿನ ಲಗ್ಗನ್ನು, ಎಂದರೆ ತುದಿಯ ಲೋಹದ ಬಳೆಯನ್ನು, ಇಟ್ಟು ಬಿಗಿ ಮಾಡಿದ್ದರು. ಬಣ್ಣದ ಪದರದೊಳಗಿಂದ ಕರೆಂಟು ಹರಿಯುವುದಿಲ್ಲ. ತೊಂದರೆ ಶುರುವಾದದ್ದು ಹಬ್ಬ ಮುಗಿದ ಮೇಲೆಯೇ ಎಂಬುದು ಆಗ ನಮಗೆ ಹೊಳೆಯಿತು. ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ನಿಂಬೆಹಣ್ಣು ತುಳಿಸಿ ಹೊರಡಿಸಿದ ಗಾಡಿ ಆ ದಿನದಿಂದಲೇ ಹಿಂದಿನಿಂದ ಕುರುಡಾಗಿತ್ತು ಎಂದು ನೆನೆದರೆ ಈಗಲೂ ಮನಸ್ಸಿಗೆ ಕಷ್ಟವಾಗುತ್ತದೆ.

ರಿಪೇರಿಯ ಕೆಲಸವನ್ನು ಅವರು ಬಹಳ ಶುಚಿಯಾಗಿ ಮಾಡಿದರು. ಹಿಂದಿನವರು ಎಳೆದಿದ್ದ ವೈರನ್ನೂ ಅದರಡಿಯ ಹಳೆಯ ವೈರನ್ನೂ ಪೂರ್ತಿ ತೆಗೆದುಹಾಕಿದರು. ದೀಪಗಳಿಗೆ 1 ಚದರ ಮಿಲಿಮೀಟರಿನ ವೈರು, ಅರ್ಥಿಗೆ 2.5 ಚದರ ಮಿಲಿಮೀಟರಿನ ವೈರು ಬಳಸಿದರು. ಅರ್ಥಿಗೆ ಮಾತ್ರ ದಪ್ಪ ವೈರು ಏಕೆಂದು ಕೇಳಿದ್ದಕ್ಕೆ, ಉಳಿದ ವೈರುಗಳಲ್ಲಿ ಆಯಾ ದೀಪದ ಕರೆಂಟು ಮಾತ್ರ ಹೋಗುತ್ತದೆ, ಅರ್ಥಿನಲ್ಲಿ ಎಲ್ಲ ದೀಪಗಳದ್ದೂ ಒಟ್ಟಾಗಿ ಹಿಂತಿರುಗುತ್ತದೆ ಎಂದರು. ಲೆಕ್ಕ ಹಾಕಿದರೆ 21 ವ್ಯಾಟಿನ ಎರಡು ಬ್ರೇಕ್ ದೀಪ, ಒಂದು ಇಂಡಿಕೇಟರ್, 5 ವ್ಯಾಟಿನ ಎರಡು ಪಾರ್ಕಿಂಗ್ ದೀಪ ಸೇರಿ 73 ವ್ಯಾಟ್, ಎಂದರೆ ಸುಮಾರು 6 ಆಂಪಿಯರ್ ಆ ಒಂದೇ ವೈರಿನಲ್ಲಿ ಬರಬೇಕು. ಆ ವೈರನ್ನು ಚಾಸಿಗೆ ಕಟ್ಟಿ ಅಲ್ಲಿಗೇ ನಿಲ್ಲಿಸದೆ ಹಿಂದಿನ ಎರಡೂ ದೀಪಗಳವರೆಗೆ ಎಳೆದರು. ಚಾಸಿಯಲ್ಲಿ ಬೋಲ್ಟಿನ ಜಾಗವನ್ನು ರೂಪಾಯಿ ನಾಣ್ಯದಗಲ ಪಾಲಿಶ್ ಪೇಪರಿನಿಂದ ಉಜ್ಜಿ ಬೆಳ್ಳಗೆ ಮಾಡಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ಬಿಗಿದ ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದರು. ವೈರುಗಳನ್ನು ಎಲ್ಲಿಯೂ ಬರಿ ಕೈಯಲ್ಲಿ ತಿರುಚಿ ಟೇಪ್ ಸುತ್ತಲಿಲ್ಲ. ಲಗ್ಗುಗಳನ್ನು ಒತ್ತುವ ಇಕ್ಕಳದಿಂದ ಒತ್ತಿ, ಮೇಲೆ ಬಿಸಿಗೆ ಮುದುಡುವ ಸ್ಲೀವ್ ಹಾಕಿ, ಇಡೀ ವೈರಿಂಗನ್ನು ಪೈಪಿನೊಳಗೆ ತೂರಿಸಿ ಚಾಸಿಯ ಒಳಮೈಗೆ ಕಟ್ಟಿದರು. ಟ್ರ್ಯಾಕ್ಟರಿಗೂ ಟ್ರೈಲರಿಗೂ ನಡುವಿನ ತುಂಡನ್ನು ಎಷ್ಟು ಉದ್ದ ಬಿಡಬೇಕೆಂದು ತಿಳಿಯಲು ಟ್ರ್ಯಾಕ್ಟರನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿದರು. ಎಳೆದು ಕಿತ್ತುಹೋಗಬಾರದು, ಜೋತುಬಿದ್ದು ನೆಲಕ್ಕೆ ಉಜ್ಜಲೂಬಾರದು. ಇಷ್ಟು ತಾಳ್ಮೆಯಿಂದ ಟ್ರೈಲರಿನ ದೀಪದ ಕೆಲಸ ಮಾಡುವವರನ್ನು ನಾನು ಮೊದಲು ಕಂಡಿರಲಿಲ್ಲ.

ಏಳು ಪಿನ್ನಿನ ಪ್ಲಗ್ಗು ಸಾಕೆಟ್ಟಿನ ಬಗ್ಗೆ ಅವರು ಹೇಳಿದ ಮಾತನ್ನು ಎಲ್ಲರೂ ತಿಳಿದಿರಬೇಕು. ಹಂಗಾಮಿನಲ್ಲಿ ನಮ್ಮ ಟ್ರೈಲರು ಬೇರೆಯವರ ಟ್ರ್ಯಾಕ್ಟರಿಗೂ, ಅವರ ಟ್ರೈಲರು ನಮ್ಮ ಟ್ರ್ಯಾಕ್ಟರಿಗೂ ಬರುವುದು ಮಾಮೂಲು. ಒಬ್ಬೊಬ್ಬರು ಒಂದೊಂದು ರೀತಿ ವೈರು ಕೊಟ್ಟುಕೊಂಡಿರುವುದರಿಂದ ಎಡಕ್ಕೆ ಹಾಕಿದರೆ ಬಲಕ್ಕೆ ಮಿಣುಕುವ, ಬ್ರೇಕ್ ಹಿಡಿದರೆ ಇಂಡಿಕೇಟರ್ ಉರಿಯುವ ಪರಿಸ್ಥಿತಿ ಬರುತ್ತದೆ. ಪ್ಲಗ್ಗನ್ನು ಬಿಚ್ಚಿದರೆ ಒಳಗೆ ಪ್ರತಿ ಸ್ಕ್ರೂವಿನ ಪಕ್ಕ 1ರಿಂದ 7ರವರೆಗೆ ಸಣ್ಣ ಅಂಕಿಗಳು ಮೂಡಿರುತ್ತವೆ. ಐಎಸ್‌ಒ 1724 ಎಂಬ ಮಾನಕದ ಪ್ರಕಾರ 1ಕ್ಕೆ ಎಡ ಇಂಡಿಕೇಟರ್, 2ಕ್ಕೆ ಹಿಂಬದಿಯ ಮಂಜಿನ ದೀಪ, 3ಕ್ಕೆ ಅರ್ಥ್, 4ಕ್ಕೆ ಬಲ ಇಂಡಿಕೇಟರ್, 5ಕ್ಕೆ ಬಲಗಡೆಯ ಪಾರ್ಕಿಂಗ್, 6ಕ್ಕೆ ಬ್ರೇಕ್, 7ಕ್ಕೆ ಎಡಗಡೆಯ ಪಾರ್ಕಿಂಗ್. ವೈರಿನ ಬಣ್ಣಗಳು ಇದೇ ಕ್ರಮದಲ್ಲಿ ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು. ಮಂಜಿನ ದೀಪ ನಮಗಿಲ್ಲವಾದ್ದರಿಂದ 2ನ್ನು ಖಾಲಿ ಬಿಟ್ಟರು. ಅವರು ರಟ್ಟಿನ ಮೇಲೆ ಬರೆದುಕೊಟ್ಟ ಈ ಪಟ್ಟಿಯನ್ನು ಟ್ರ್ಯಾಕ್ಟರಿನ ಟೂಲ್ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೇವೆ. ನಮ್ಮೂರಿನ ಇನ್ನೂ ಮೂರು ಟ್ರೈಲರುಗಳಿಗೆ ಆಮೇಲೆ ಇದೇ ಕ್ರಮದಲ್ಲಿ ವೈರು ಕೊಡಿಸಿದ್ದಾರೆ, ಈಗ ಆ ನಾಲ್ಕರಲ್ಲಿ ಯಾವುದನ್ನು ಯಾವ ಟ್ರ್ಯಾಕ್ಟರಿಗೆ ಕಟ್ಟಿದರೂ ಎಡ ಎಡವೇ, ಬಲ ಬಲವೇ.

ಕೆಲಸ ಮುಗಿದ ಮೇಲೆ ಎಲ್ಲ ದೀಪಗಳನ್ನೂ ಹಾಕಿಸಿ, ಬ್ಯಾಟರಿಯ ಮೈನಸ್ಸಿಗೂ ಚಾಸಿಗೂ ನಡುವೆ ಮೀಟರು ಇಟ್ಟರು. 0.2 ವೋಲ್ಟ್ ಬಂತು. ಬೆಳಿಗ್ಗೆ ಅಲ್ಲಿಯೇ 7ಕ್ಕಿಂತ ಹೆಚ್ಚು ಇತ್ತು.

ನಾವು ಕೇಳದೆಯೇ ಅವರು ಇನ್ನೊಂದು ದೋಷವನ್ನೂ ಕಂಡುಹಿಡಿದರು. ನಮ್ಮ ಟ್ರ್ಯಾಕ್ಟರಿನಲ್ಲಿ ಎಡ ಬಲ ಬ್ರೇಕ್ ಪೆಡಲುಗಳು ಬೇರೆ ಬೇರೆ, ಬ್ರೇಕ್ ದೀಪದ ಸ್ವಿಚ್ಚು ಒಂದು ಪೆಡಲಿಗೆ ಮಾತ್ರ ಇದೆ. ಹೊಲದಲ್ಲಿ ತಿರುವಿಗೆ ಅನುಕೂಲವಾಗಲೆಂದು ಎರಡನ್ನೂ ಜೋಡಿಸುವ ಕೊಂಡಿಯನ್ನು ತೆಗೆದಿಟ್ಟು, ರಸ್ತೆಗೆ ಬಂದ ಮೇಲೂ ಹಾಗೆಯೇ ಓಡಿಸುತ್ತಿದ್ದೆವು. ಕಾಲು ಇನ್ನೊಂದು ಪೆಡಲಿನ ಮೇಲೆ ಬಿದ್ದರೆ ಹಿಂದೆ ದೀಪವೇ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ವೇಗದಲ್ಲಿದ್ದಾಗ ಒಂದೇ ಬದಿಯ ಚಕ್ರ ಹಿಡಿದು ಟ್ರ್ಯಾಕ್ಟರು ಪಕ್ಕಕ್ಕೆ ಎಳೆದು ಮಗುಚಬಹುದು. “ಹೊಲ ಬಿಟ್ಟು ರೋಡಿಗೆ ಚಕ್ರ ಇಡೋ ಮುಂಚೆ ಈ ಕೊಂಡಿ ಹಾಕಪ್ಪ” ಎಂದು ತಮ್ಮನ ಮಗನಿಗೆ ಅವರು ಎರಡೆರಡು ಬಾರಿ ಹೇಳಿದರು. ಫ್ಯೂಸಿನ ಜಾಗದಲ್ಲಿದ್ದ ತಂತಿಯನ್ನು ಕಿತ್ತು, ಅಲ್ಲಿ ಇರಬೇಕಾದ 10 ಆಂಪಿಯರಿನ ಫ್ಯೂಸ್ ಹಾಕಿ, ಎರಡು ಹೆಚ್ಚುವರಿ ಫ್ಯೂಸುಗಳನ್ನು ಕೈಗೆ ಕೊಟ್ಟರು.

ಒಟ್ಟು ಖರ್ಚು 1,650 ರೂಪಾಯಿ. ಅದರಲ್ಲಿ ಕೂಲಿ 700, ಉಳಿದದ್ದು ವೈರು, ಹೊಸ ಪ್ಲಗ್ಗು ಸಾಕೆಟ್ಟು, ಸ್ಲೀವು, ಪೈಪು, ಲಗ್ಗು. ಹಿಂದಿನ ಕಡೆ ಕೊಟ್ಟದ್ದಕ್ಕಿಂತ ಕಡಿಮೆ. ಒಂದು ಬಲ್ಬನ್ನೂ ಮಾರಲಿಲ್ಲ ಎಂಬುದನ್ನು ವಿಶೇಷವಾಗಿ ಹೇಳಬೇಕು. ಎಲ್‌ಇಡಿ ದೀಪ ಹಾಕಿಬಿಡಿ ಎಂದು ನಾನೇ ಕೇಳಿದಾಗ, ಹಾಕಿಸುವುದಾದರೆ ನೀರು ಒಳಗೆ ಹೋಗದಂತೆ ಪೂರ್ತಿ ಮುಚ್ಚಿದ ಒಳ್ಳೆಯ ದೀಪ ಹಾಕಿಸಿ, ಈಗಿರುವ ಹೋಲ್ಡರಿಗೆ ಅಗ್ಗದ ಎಲ್‌ಇಡಿ ಬಲ್ಬು ತುರುಕಿದರೆ ಕರೆಂಟು ಕಡಿಮೆ ಎಳೆಯುವುದರಿಂದ ಫ್ಲಾಷರು ಬಲ್ಬು ಹೋಗಿದೆಯೆಂದೇ ತಿಳಿದು ಗಡಿಬಿಡಿಯಾಗಿ ಹೊಡೆದುಕೊಳ್ಳುತ್ತದೆ ಎಂದು ತಡೆದರು. ಸದ್ಯಕ್ಕೆ ಹಳೆಯ ಬಲ್ಬುಗಳೇ ಇವೆ.

ಹೊರಡುವಾಗ ಟ್ರೈಲರಿನ ಹಿಂದಿನ ಹಲಗೆಗೆ ಕೆಂಪು ರಿಫ್ಲೆಕ್ಟರ್ ಟೇಪು ಅಂಟಿಸಿಕೊಳ್ಳಲೇಬೇಕೆಂದು ಒತ್ತಾಯಿಸಿದರು. ಅವರ ಬಳಿ ಆ ಟೇಪು ಇರಲಿಲ್ಲ, ಬೇರೆ ಅಂಗಡಿಯಲ್ಲಿ ಕೊಳ್ಳಲು ಹೇಳಿದರು, ಆದ್ದರಿಂದ ಅದರಲ್ಲಿ ಅವರಿಗೆ ಲಾಭವೇನೂ ಇಲ್ಲ. ಮನೆಗೆ ಬಂದು ನಾನು ಲೆಕ್ಕ ಹಾಕಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಹಿಂದಿನ ಕೆಂಪು ದೀಪ 155 ಮೀಟರ್ ದೂರದಿಂದ ಕಾಣುವಂತಿರಬೇಕೆಂದು ಹೇಳುತ್ತವೆ. ಲಾರಿ ಗಂಟೆಗೆ 60 ಕಿಲೋಮೀಟರ್, ನಾವು 20 ಕಿಲೋಮೀಟರ್ ವೇಗದಲ್ಲಿದ್ದರೆ ಪ್ರತಿ ಸೆಕೆಂಡಿಗೆ 11 ಮೀಟರಿನಂತೆ ಅಂತರ ಕುಗ್ಗುತ್ತದೆ. 155 ಮೀಟರಿಗೆ ಕಂಡರೆ ಲಾರಿಯವರಿಗೆ 14 ಸೆಕೆಂಡ್ ಸಿಗುತ್ತದೆ. ದೀಪವಿಲ್ಲದ ಟ್ರೈಲರು ಡಿಮ್ ಬೆಳಕಿನಲ್ಲಿ 40 ಮೀಟರಿಗೆ ಕಂಡರೆ ಸಿಗುವುದು ನಾಲ್ಕು ಸೆಕೆಂಡಿಗೂ ಕಡಿಮೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಬಸ್ಸುಗಳು 60ಕ್ಕಿಂತ ಬಹಳ ಹೆಚ್ಚಿನ ವೇಗದಲ್ಲಿ ಓಡುತ್ತವೆ. ಎತ್ತರಕ್ಕೆ ಸಪ್ಪೆ ಹೇರಿ ಅದು ಹಿಂದಕ್ಕೆ ಜೋತುಬಿದ್ದಾಗ ಎಷ್ಟು ಚೆನ್ನಾಗಿ ಉರಿಯುವ ದೀಪವೂ ಮುಚ್ಚಿಹೋಗುತ್ತದೆ, ಅದನ್ನು ಕಟ್ಟುವಾಗಲೇ ನೋಡಿಕೊಳ್ಳಬೇಕು.

ಕೊರತೆಗಳನ್ನೂ ಹೇಳಬೇಕು. ಅಂಗಡಿಯ ಮುಂದೆ ಟ್ರೈಲರು ನಿಲ್ಲಿಸಲು ಜಾಗವಿಲ್ಲ, ಅರ್ಧ ರಸ್ತೆಯ ಮೇಲೆಯೇ ನಿಲ್ಲುತ್ತದೆ, ಹಿಂದಕ್ಕೆ ಹೊಡೆದು ತಿರುಗಿಸುವುದು ಪ್ರಯಾಸ. ಒಬ್ಬ ಹುಡುಗನನ್ನು ಬಿಟ್ಟರೆ ಬೇರೆ ಸಹಾಯಕರಿಲ್ಲದ ಕಾರಣ ನಮ್ಮ ಕೆಲಸ ಮುಗಿಯುವಾಗ ಮೂರೂವರೆ ಗಂಟೆಯಾಗಿತ್ತು, ಕೂರಲು ಒಂದು ಸ್ಟೂಲು ಮಾತ್ರ ಇದೆ. ಬಿಲ್ಲು ಕೇಳಿದರೆ ಬರೆದುಕೊಡುತ್ತಾರೆ, ತಾವಾಗಿ ಕೊಡುವುದಿಲ್ಲ. ಅವರು ಹಾಕಿದ ಪ್ಲಾಸ್ಟಿಕ್ ಸಾಕೆಟ್ಟಿನ ಮುಚ್ಚಳದ ಸ್ಪ್ರಿಂಗು ಆರು ತಿಂಗಳಿಗೇ ಸಡಿಲವಾಗಿ, ಮುಚ್ಚಳ ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಲೋಹದ ಸಾಕೆಟ್ಟು ಅವರಲ್ಲಿ ಇರಲಿಲ್ಲ, ತರಿಸಿ ಹಾಕಿದ್ದರೆ ನೂರಿನ್ನೂರು ಹೆಚ್ಚು ಕೊಡಲು ನಾವು ಸಿದ್ಧರಿದ್ದೆವು. ಜುಲೈಯಲ್ಲಿ ಸತತ ಮಳೆ ಹಿಡಿದಾಗ ಸಾಕೆಟ್ಟಿಗೆ ಸೈಕಲ್ ಟ್ಯೂಬಿನ ತುಂಡು ಬಿಗಿದು ರಕ್ಷಿಸಿಕೊಂಡೆವು. ಇಷ್ಟರ ನಡುವೆ ಕೆಟ್ಟದ್ದು ಎಡಗಡೆಯ ಒಂದು ಬಲ್ಬು ಮಾತ್ರ, ಅದರ ತಂತಿ ಕಡಿದಿತ್ತು, ವೈರಿಂಗಿನ ತಪ್ಪಲ್ಲ.

ಹೋಗುವವರು ಟ್ರ್ಯಾಕ್ಟರ್, ಟ್ರೈಲರ್ ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಹೋಗಬೇಕು, ಒಂದನ್ನೇ ಒಯ್ದರೆ ಅವರು ಮುಟ್ಟುವುದಿಲ್ಲ. ಟ್ರೈಲರು ಖಾಲಿ ಇರಲಿ, ಚಾಸಿಯ ಅಡಿಯ ಕೆಸರನ್ನು ತೊಳೆದಿರಲಿ. ತೊಂದರೆ ಯಾವಾಗ ಬರುತ್ತದೆ, ಲೋಡಿನಲ್ಲೋ ಖಾಲಿಯಲ್ಲೋ, ಮಳೆಯಲ್ಲೋ ಬಿಸಿಲಲ್ಲೋ, ಬ್ರೇಕ್ ಹಿಡಿದಾಗಲೋ ಇಂಡಿಕೇಟರ್ ಹಾಕಿದಾಗಲೋ ಎಂಬುದನ್ನು ಎರಡು ಮೂರು ದಿನ ಗಮನಿಸಿ ಬರೆದುಕೊಂಡು ಹೋಗಿ. ಅವರು ಮೊದಲು ಕೇಳುವುದು ಅದನ್ನೇ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುತ್ತಾರೆ, ಮಧ್ಯಾಹ್ನದ ಮೇಲೆ ಬಂದ ಟ್ರೈಲರಿಗೆ ಮರುದಿನ ಬರಲು ಹೇಳುತ್ತಾರೆ.